ಲಾಡ್ಜಿನ ಡಾಕ್ಟರು ಬರ್ತಾನೆ, ಸರ್ಕಾರ ಯಾಕೆ ಬರಲ್ಲ?



ಬಸ್ ಸ್ಟ್ಯಾಂಡಿನ ಮೂತ್ರಿಖಾನೆಯಲ್ಲಿ ಅಂಟಿಸಿರುವ ಚೀಟಿಯನ್ನು ನಾವೆಲ್ಲ ಓದಿದ್ದೇವೆ. ಓದಿಲ್ಲ ಅನ್ನುವವನು ಸುಳ್ಳು ಹೇಳುತ್ತಾನೆ. ಗುಪ್ತರೋಗ, ಧಾತುನಷ್ಟ, ನರದೌರ್ಬಲ್ಯ. ತಿಂಗಳಿಗೊಮ್ಮೆ ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಭೇಟಿ. ನಮ್ಮಂಥವರಿಗೆ ಗೊತ್ತಿರುವ ಸಂಚಾರಿ ಆಸ್ಪತ್ರೆ ಅದೊಂದೇ. ಆ ಮನುಷ್ಯ ಊರೂರು ತಿರುಗುತ್ತಾನೆ. ಜಾತಿ ಕೇಳುವುದಿಲ್ಲ, ಮದುವೆ ಆಗಿದೆಯಾ ಅಂತ ಕೇಳುವುದಿಲ್ಲ. ಬಾಗಿಲು ಹಾಕಿ ಕೂರಿಸಿ ಮಾತಾಡಿಸುತ್ತಾನೆ. ಆಮೇಲೆ, ಹಸ್ತಮೈಥುನದಿಂದ ನಿನ್ನ ನರ ಒಣಗಿದೆ ಅಂತ ಹೆದರಿಸಿ, ಸ್ಕಾಲರ್‌ಶಿಪ್ಪಿನ ದುಡ್ಡು ಕಿತ್ತುಕೊಂಡು, ಬೂದಿಯಂಥ ಪುಡಿಯ ಪೊಟ್ಟಣ ಕೊಟ್ಟು ಕಳಿಸುತ್ತಾನೆ. ಹಸ್ತಮೈಥುನದಿಂದ ಯಾವ ನರವೂ ಒಣಗುವುದಿಲ್ಲ, ಅದು ರೋಗವೇ ಅಲ್ಲ. ಈ ಒಂದು ಮಾತನ್ನು ಹಾಸ್ಟೆಲ್ಲಿನಲ್ಲಿ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಹುಡುಗರ ಸ್ಕಾಲರ್‌ಶಿಪ್ಪು ಉಳಿಯುತ್ತಿತ್ತು!

ನಮ್ಮ ಪ್ರಶ್ನೆ ಇಷ್ಟೆ. ಆ ಕಳ್ಳ ಬರುತ್ತಾನೆ, ಸರ್ಕಾರ ಯಾಕೆ ಬರುವುದಿಲ್ಲ?

ನಾವು ಕೆಲವರು ಹಿನಕಲ್‌ನಲ್ಲಿ ರೂಮು ಮಾಡಿಕೊಂಡಿದ್ದೇವೆ. ಹುಣಸೂರು ರಸ್ತೆಗೆ ರಿಂಗ್ ರೋಡು ಅಡ್ಡ ಬರುವ ಊರು. ಹೊತ್ತಾರೆ ಇಲ್ಲಿಂದ ಹೂಟಗಳ್ಳಿ, ಹೆಬ್ಬಾಳದ ಫ್ಯಾಕ್ಟರಿಗಳಿಗೆ, ಗಾರೆ ಕೆಲಸಕ್ಕೆ, ವಿಜಯನಗರದ ಮನೆಗಳ ಪಾತ್ರೆಗೆ ನಮ್ಮ ಹೆಂಗಸರು ಹೋಗುತ್ತಾರೆ. ಅವರು ಕೆಲಸದಲ್ಲಿರುವ ಹೊತ್ತಿನಲ್ಲೇ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು. ಪಕ್ಕದ ಮನೆಯ ಅಕ್ಕ ತಿಂಗಳುಗಟ್ಟಲೆ ಬಿಳಿಸೆರಗು, ಕಿಬ್ಬೊಟ್ಟೆ ನೋವು ಅನುಭವಿಸಿ ಒಂದು ದಿನದ ಕೂಲಿ ಬಿಟ್ಟು ಹೋದಳು. ಚೀಟಿ ಕೊಡುವವನು, 'ಏನಮ್ಮ ತೊಂದ್ರೆ, ಜೋರಾಗಿ ಹೇಳು' ಅಂದನಂತೆ. 'ಅಷ್ಟು ಗಂಡಸ್ರ ಮುಂದೆ ಏನಂತ ಹೇಳನಪ್ಪ? ಜ್ವರ ಅಂದೆ. ಜ್ವರದ ಮಾತ್ರೆ ಕೊಟ್ರು, ತಕ್ಕೊಂಡ್ ಬಂದೆ.'

ಇದು ನಗುವ ವಿಷಯವಲ್ಲ. ಗೊನೋರಿಯಾ, ಕ್ಲಮೀಡಿಯಾ ಎಷ್ಟೋ ಹೆಂಗಸರಲ್ಲಿ ಗುರುತೇ ತೋರಿಸದೆ ಒಳಗೆ ಕೂರುತ್ತವೆ. ಗರ್ಭನಾಳ ಮುಚ್ಚಿಹೋದರೆ ಮಕ್ಕಳಾಗುವುದಿಲ್ಲ. ಗಂಡ ತಂದ ರೋಗಕ್ಕೆ ಬಂಜೆ ಅನ್ನಿಸಿಕೊಳ್ಳುವವಳು ಹೆಂಡತಿ. ಸಿಫಿಲಿಸ್ ಆದರೋ ಮೊದಲ ಹಂತದಲ್ಲಿ ಒಂದೇ ಒಂದು ಪೆನಿಸಿಲಿನ್ ಇಂಜೆಕ್ಷನ್ನಿಗೆ ವಾಸಿಯಾಗುತ್ತದೆ.

1930ರಲ್ಲೇ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿದ ಸಂಸ್ಥಾನ ನಮ್ಮದು, ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಅಂತ ಹೊಗಳುತ್ತಾರೆ. ಹೊಗಳಲಿ. ಆ ಕ್ಲಿನಿಕ್ಕು ಪೇಟೆಯಲ್ಲಿ ಕೂತಿತು. ಪೇಟೆಗೂ ಹಿನಕಲ್‌ಗೂ ಆರೇಳು ಕಿಲೋಮೀಟರು. ತೊಂಬತ್ತು ವರ್ಷ ದಾಟಿದರೂ ಆ ದೂರವನ್ನು ಸವೆಸಬೇಕಾದವಳು ನಮ್ಮ ಅವ್ವನೇ.

ಗಾಡಿ ಬಂದರೆ ಸಾಕೆ? ಸಾಲದು. ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಬಾಬಾಸಾಹೇಬರು 1929ರ ಕಾಠೇವಾಡದ ಒಬ್ಬ ಮೇಷ್ಟ್ರ ಕತೆ ಹೇಳಿದ್ದಾರೆ. ಹೆಂಡತಿ ಹಸಿ ಬಾಣಂತಿ, ಮೈಮೇಲೆ ಜ್ವರ. ಕೇರಿಯೊಳಕ್ಕೆ ಕಾಲಿಡೆನು ಅಂದ ಡಾಕ್ಟರು, ಆಕೆಯನ್ನೇ ಕೇರಿಯ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮೇಷ್ಟ್ರಿಗೆ, ಮೇಷ್ಟ್ರು ಹೆಂಡತಿಗೆ. ಹಾಗೇ ವಾಪಸ್ಸು. ಆಕೆ ಉಳಿಯಲಿಲ್ಲ. ಇವತ್ತಿನ ಗಾಡಿಯೂ ಊರ ಮುಂದಿನ ಅರಳಿಕಟ್ಟೆಯ ಹತ್ತಿರ ನಿಂತು ಹಾರನ್ ಹೊಡೆದರೆ ಅದೇ ಥರ್ಮಾಮೀಟರು. ಇನ್ನೊಂದು ಗಾಡಿಯೂ ನೆನಪಿರಲಿ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಚಿಕಿತ್ಸೆ ಆಯಿತು. ಆಗ ಜೀಪು ಹುಡುಕಿಕೊಂಡು ಬಂದದ್ದು ಬಡವರನ್ನೇ. ಲೆಕ್ಕ ತುಂಬಿಸಲು ಬರುವ ಗಾಡಿ ನಮಗೆ ಬೇಡ.

ಹಾಗಾದರೆ ಎಂಥದು ಬೇಕು? ದೂರ ಹೋಗಬೇಕಿಲ್ಲ. 2008ರಿಂದ 2011ರವರೆಗೆ ಇದೇ ಮೈಸೂರು ತಾಲೂಕಿನ ಹಳ್ಳಿಗಳಿಗೆ 'ಕಿಸಲಯ' ಎಂಬ ಯೋಜನೆಯ ಗಾಡಿ ಹೋಯಿತು. ಬಸುರಿಯರ ತಪಾಸಣೆಯ ಜೊತೆಗೇ ಎಚ್‌ಐವಿ ಪರೀಕ್ಷೆ. ಎರಡೂ ಒಂದೇ ಕಡೆ ನಡೆದಾಗ ಯಾರು ಯಾವುದಕ್ಕೆ ಬಂದರು ಅಂತ ಹೊರಗೆ ನಿಂತವರಿಗೆ ಹೇಗೆ ತಿಳಿಯಬೇಕು? ಇದು ಸಣ್ಣ ಉಪಾಯವಲ್ಲ. ಮೈಸೂರಿನದೇ ಆಶೋದಯ ಸಮಿತಿ ಇದೆ, ಲೈಂಗಿಕ ಕಾರ್ಯಕರ್ತರ ಸಂಘಟನೆ. 2004ರಲ್ಲಿ ಶುರುವಾದ ಕೆಲಸ ಅವರದು. ಬೀದಿಯಲ್ಲಿ, ಲಾಡ್ಜುಗಳಲ್ಲಿ ತಮ್ಮವರನ್ನು ತಾವೇ ಹುಡುಕಿ, ಮಾತಾಡಿಸಿ ಕ್ಲಿನಿಕ್ಕಿಗೆ ಕರೆತಂದರು. ಸಮಾಜ ಯಾರನ್ನು ಹೊಲಸು ಅಂದಿತೋ ಅವರು ಈ ವಿಷಯದಲ್ಲಿ ನಮ್ಮ ಮೇಷ್ಟ್ರುಗಳು. ನಾಚಿಕೆಪಡದೆ ಕಲಿಯೋಣ.

ಈ ಮಾತು ಎತ್ತಿದಾಗ ನಮ್ಮ ಒಬ್ಬ ಹಿರಿಯ ಸಂಗಾತಿ, 'ಭೂಮಿ, ಮೀಸಲಾತಿ ಬಿಟ್ಟು ಇದೇನ್ರಯ್ಯಾ?' ಅಂದರು. ಅಣ್ಣಾ, 1934ರಲ್ಲಿ ರ.ಧೋ. ಕರ್ವೆಯವರ 'ಸಮಾಜಸ್ವಾಸ್ಥ್ಯ' ಪತ್ರಿಕೆ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಬರೆದದ್ದಕ್ಕೆ ಅಶ್ಲೀಲ ಅಂತ ಕೇಸು ಬಿದ್ದಾಗ ಅವರ ಪರ ಕೋರ್ಟಿನಲ್ಲಿ ವಾದಿಸಿದ ವಕೀಲ ಯಾರು? ನಮ್ಮ ಬಾಬಾಸಾಹೇಬರೇ. ಕೇಸು ಸೋತಿತು, ಕರ್ವೆಯವರಿಗೆ ದಂಡ ಬಿತ್ತು. ಮೈಯ ಬಗ್ಗೆ ಮಾತಾಡುವುದು ಹೊಲಸು ಅನ್ನುವ ಮಡಿವಂತಿಕೆಯನ್ನು ಅವರು ಒಪ್ಪಲಿಲ್ಲ; ನಾವು ಯಾಕೆ ಒಪ್ಪಬೇಕು? ನಮ್ಮ ಪುರುಷಾರ್ಥವೂ ಅಷ್ಟಕ್ಕಷ್ಟೆ. ಸಭೆಯಲ್ಲಿ ಗಂಟಲು ಹರಿಯುವಂತೆ ಕ್ರಾಂತಿಗೀತೆ ಹಾಡಿ, ಕಾಂಡೋಮ್ ಕೇಳಲು ಮೆಡಿಕಲ್ ಶಾಪಿನ ಮುಂದೆ ಮೂರು ಸುತ್ತು ಹೊಡೆದು, ಕೊನೆಗೆ ಕೆಮ್ಮಿನ ಔಷಧಿ ತಂದವರು ನಾವು.

ಆದ್ದರಿಂದ ಅರ್ಜಿಯಲ್ಲಿ ಬರೆಯೋಣ. ಗಾಡಿ ಸಂಜೆ ಆರರ ಮೇಲೆ ಬರಲಿ, ಭಾನುವಾರ ಬರಲಿ. ಕೇರಿಯೊಳಕ್ಕೆ ಬರಲಿ, ಹಾಸ್ಟೆಲ್ಲಿನ ಅಂಗಳಕ್ಕೆ ಬರಲಿ. ಮೈಮೇಲೆ ಏಡ್ಸ್ ಅಂತ ದಪ್ಪಕ್ಷರದಲ್ಲಿ ಬರೆಸಿಕೊಂಡು ಬರುವುದು ಬೇಡ. ಬಿ.ಪಿ., ಸಕ್ಕರೆ, ಬಸುರು, ಬಿಳಿಸೆರಗು, ಎಲ್ಲಕ್ಕೂ ಒಂದೇ ಬಾಗಿಲು, ಒಳಗೆ ಹಾಕಿಕೊಳ್ಳಲು ಒಂದು ಚಿಲಕ. ಮದುವೆ ಆಗಿದೆಯಾ ಅಂತ ಮೊದಲ ಪ್ರಶ್ನೆ ಕೇಳುವವರು ಇಳಿದು ಹೋಗಲಿ. ಎಚ್‌ಐವಿ ಪರೀಕ್ಷೆಗೆ ನಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು ಅಂತ 2017ರ ಕಾಯಿದೆಯೇ ಹೇಳುತ್ತದೆ. ಅದನ್ನು ವಾರ್ಡನ್ನರ ಕೋಣೆಯಲ್ಲೂ ಅಂಟಿಸಲಿ. ಗಾಡಿಯಲ್ಲಿ ಕೂತು ಮಾತಾಡಿಸುವ ಕೆಲಸಕ್ಕೆ ನಮ್ಮ ಕೇರಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಗೌರವಧನವಲ್ಲ, ಸಂಬಳ ಕೊಡಲಿ.

ಹಿನಕಲ್‌ನಲ್ಲಿ ಗಾಡಿ ಎಲ್ಲಿ ನಿಲ್ಲಬೇಕು ಅಂತ ನಾವು ಹುಡುಗರು ಕೂತು ತೀರ್ಮಾನ ಮಾಡಿಬಿಟ್ಟಿದ್ದೆವು. ಜ್ವರದ ಮಾತ್ರೆ ತಂದ ಅಕ್ಕ ಕೇಳಿ ನಕ್ಕಳು. 'ಆ ಜಾಗದಲ್ಲಿ ಸಂಜೆ ಗಂಡಸ್ರು ಬೀಡಿ ಸೇದ್ತಾ ಕೂತಿರ್ತಾರೆ ಕಣ್ರಪ್ಪ, ಅಲ್ಲಿಗೆ ಯಾವಳು ಬತ್ತಾಳೆ?' ಆ ಜಾಗವನ್ನು ಅರ್ಜಿಯಿಂದ ಹೊಡೆದುಹಾಕಿದ್ದೇವೆ. ಹೊಸ ಜಾಗವನ್ನು ಅವಳೇ ತೋರಿಸುತ್ತಾಳಂತೆ.