ಬೆಳೆ ಕಾಯುವ ಕೋವಿ

ಮಲೆನಾಡಿನ ಗದ್ದೆಗೆ ನುಗ್ಗುವ ಕಾಡುಹಂದಿಗೆ ದೂರ ಹೊಡೆಯುವ ರೈಫಲ್ಲೇ ಬೇಕು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಗುರಿ ತಪ್ಪಿದ ರೈಫಲಿನ ಗುಂಡು ಬಹುದೂರ ಹಾರುತ್ತದೆ. ಗದ್ದೆಯಾಚೆ ಕೇರಿಯಿದೆ, ಪಕ್ಕದ ಅಟ್ಟಣೆಯಲ್ಲಿ ನೆರೆಯವನು ಕುಳಿತಿದ್ದಾನೆ.

1959ರ ಆಯುಧ ಕಾನೂನು ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಮಳೆಯಲ್ಲಿ ಮದ್ದು ತೇವವಾದರೆ ಅದು ಬರಿಯ ದೊಣ್ಣೆ! ಹೊತ್ತಿಕೊಂಡರೂ ಒಂದೇ ಈಡು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾದ ನಳಿಗೆಯ ಬೇರೆ ಕೋವಿಗೂ ಲೈಸೆನ್ಸ್ ಕೊಡಬಹುದೆಂದು ಅದೇ ಕಾನೂನು ಹೇಳುತ್ತದೆ. ನಾವು ಕೇಳಬೇಕಾದುದು ಇದನ್ನೇ, ತೋಟಾ ಹಾಕುವ 12 ಬೋರಿನ ಕೋವಿಯನ್ನು.

ತೋಟಾದಲ್ಲಿ ಜಿಪುಣತನ ಸಲ್ಲದು. ಹಕ್ಕಿ ಹೊಡೆಯುವ ಸಣ್ಣ ಚರೆ ಹಂದಿಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ಬೆಳಗ್ಗೆ ಸೊಪ್ಪಿಗೆ ಹೋದ ಹೆಂಗಸು ಅದರ ಕೋರೆಗೆ ಸಿಕ್ಕುತ್ತಾಳೆ. ದಪ್ಪ ಗುಂಡುಗಳ ಎಲ್‌ಜಿ ತೋಟಾವನ್ನೇ ಹಾಕಬೇಕು, ಅದೂ 30-40 ಗಜದೊಳಗೆ.

ಕೋವಿ ಸಿಕ್ಕಿದರೂ ಹೊಡೆಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2022ರ ತಿದ್ದುಪಡಿಯಲ್ಲಿ ಹಂದಿ ಎರಡನೆಯ ಪಟ್ಟಿಗೆ ಸೇರಿತು. ಆದಾಗ್ಯೂ ನಿಂತ ಬೆಳೆಗೆ ಅಪಾಯವೆಂದು ಕಾರಣ ಬರೆದು ಅಪ್ಪಣೆ ಕೊಡುವ ಅಧಿಕಾರ 1972ರ ಕಾನೂನಿನಲ್ಲಿ ಉಳಿದೇ ಇದೆ. ಆ ಕಾಗದ ಭತ್ತ ತೆನೆ ಕಟ್ಟುವ ಮೊದಲೇ ರೈತನ ಕೈಸೇರಬೇಕು.