ಸ್ವರಕ್ಕೆ ಸ್ಥಾನವೋ, ಅಂತರವೋ?

ಕುಣಿಗಲ್‌ನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ಗಣಿತ ಪಾಠದ ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಕೀಬೋರ್ಡ್ ಕಲಿಯುವ ಮಕ್ಕಳಿಗೆ ಪ್ರಾರ್ಥನಾಗೀತೆಯ ಸ್ವರಲಿಪಿ ಹಾಳೆ ತಯಾರಿಸಬೇಕಿತ್ತು. ಅದಕ್ಕಾಗಿ ಲಿಲಿಪಾಂಡ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಇದರಲ್ಲಿ ಸ್ವರಗಳನ್ನು ಅಕ್ಷರಗಳಾಗಿ ಬೆರಳಚ್ಚು ಮಾಡಿದರೆ ಐದು ಗೆರೆಗಳ ಸ್ವರಲಿಪಿ ಸಿದ್ಧವಾಗುತ್ತದೆ.

ಸ್ಥಾಯಿಯನ್ನು ತಿಳಿಸಲು ಇಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. 'ಅಬ್ಸಲ್ಯೂಟ್' ಕ್ರಮದಲ್ಲಿ ಪ್ರತಿ ಸ್ವರಕ್ಕೂ ಅದರ ಸ್ಥಾಯಿಯ ಗುರುತು ಬೇಕು. 'ರಿಲೇಟಿವ್' ಕ್ರಮದಲ್ಲಿ ಗುರುತಿಲ್ಲದ ಸ್ವರವನ್ನು ತಂತ್ರಾಂಶವು ಹಿಂದಿನ ಸ್ವರಕ್ಕೆ ಹತ್ತಿರವಿರುವ ಸ್ಥಾಯಿಯಲ್ಲಿ ಕೂರಿಸುತ್ತದೆ. ಸರಳೆ ವರಸೆಯ ಆರೋಹಣಕ್ಕೆ ಒಂದು ಗುರುತೂ ಬೇಡ. ಬೆರಳಿಗೆ ಕೆಲಸ ಕಡಿಮೆ ಎಂದು ನಾನು ಇದನ್ನೇ ಆರಿಸಿಕೊಂಡೆ.

ಎಡವಟ್ಟಾದದ್ದು ಸ-ಪ-ಸ ಬಂದಲ್ಲಿ. ಸ ದಿಂದ ಮೇಲಿನ ಪ ನಾಲ್ಕು ಮೆಟ್ಟಿಲು ದೂರ, ಕೆಳಗಿನ ಪ ಮೂರೇ ಮೆಟ್ಟಿಲು. ನಾನು ಗುರುತು ಹಾಕಲು ಮರೆತಿದ್ದರಿಂದ ಪ ಮಂದ್ರಕ್ಕೆ ಇಳಿಯಿತು. ತಾರಸ್ಥಾಯಿಯಲ್ಲಿರಬೇಕಾದ ಸ ಮಧ್ಯಸ್ಥಾಯಿಯಲ್ಲೇ ಉಳಿಯಿತು. ಅಲ್ಲಿಂದ ಮುಂದಿನ ಇಡೀ ಹಾಡು ಒಂದು ಸ್ಥಾಯಿ ಕೆಳಗೆ ಜಾರಿತು. ಮಕ್ಕಳು ನುಡಿಸತೊಡಗಿದ ಮೇಲೆಯೇ ನನಗೆ ಗೊತ್ತಾದದ್ದು. ತಪ್ಪಾದದ್ದು ಒಂದು ಚಿಹ್ನೆ, ಕೆಟ್ಟದ್ದು ಎರಡು ಪುಟ.

ಗಣಿತದಲ್ಲಿ ಇದನ್ನು ನಾವು ದಿನವೂ ಕಾಣುತ್ತೇವೆ. ಸಂಖ್ಯಾರೇಖೆಯ ಮೇಲೆ 'ಇಲ್ಲಿಂದ ಮೂರು ಹೆಜ್ಜೆ' ಎನ್ನುತ್ತಾ ಹೋದರೆ ಮೊದಲ ಹೆಜ್ಜೆಯ ತಪ್ಪು ಕೊನೆಯವರೆಗೂ ಹಿಂಬಾಲಿಸುತ್ತದೆ. ಪ್ರತಿ ಬಿಂದುವಿನ ಸ್ಥಾನವನ್ನೇ ಬರೆದರೆ ತಪ್ಪು ಆ ಒಂದು ಬಿಂದುವಿನಲ್ಲೇ ನಿಲ್ಲುತ್ತದೆ.

ಹಾಗೆಂದು ಪ್ರತಿ ಸ್ವರಕ್ಕೂ ಗುರುತು ಹಾಕುತ್ತಾ ಕೂರಬೇಕಿಲ್ಲ. 2020ರಲ್ಲಿ ಬಂದ ಲಿಲಿಪಾಂಡ್ 2.20ರಿಂದ 'ಫಿಕ್ಸೆಡ್' ಎಂಬ ಆದೇಶವಿದೆ. ಮಧ್ಯಸ್ಥಾಯಿಯನ್ನು ಆರಂಭದಲ್ಲಿ ಒಮ್ಮೆ ಹೇಳಿದರೆ ಆ ಸ್ಥಾಯಿಯ ಸ್ವರಗಳಿಗೆ ಗುರುತು ಬೇಡ. ತಾರಕ್ಕೂ ಮಂದ್ರಕ್ಕೂ ಮಾತ್ರ ಬೇಕು. ನಮ್ಮ ಸಂಗೀತ ಪಠ್ಯಗಳಲ್ಲಿ ಸ್ವರದ ಮೇಲೆ ಅಥವಾ ಕೆಳಗೆ ಚುಕ್ಕೆ ಇಡುವ ಪದ್ಧತಿಯೂ ಇದೇ ಅಲ್ಲವೇ? ಸರಿಗಮ ಬಲ್ಲ ಮಗುವಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ಒಬ್ಬರೇ ಕುಳಿತು ಒಂದೇ ಓಟದಲ್ಲಿ ರಾಗವನ್ನು ಬರೆದು ಮುಗಿಸುವವರಿಗೆ ರಿಲೇಟಿವ್ ಚೆನ್ನಾಗಿಯೇ ಇದೆ. ಆದರೆ ಶಾಲೆಯ ಹಾಳೆ ಒಬ್ಬರದ್ದಲ್ಲ. ನಾವು ಕೆಲವು ವಾರ ಇದ್ದು ಹೊರಡುತ್ತೇವೆ. ಮುಂದಿನ ವರ್ಷ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಅದರಲ್ಲಿ ಒಂದು ಸಾಲು ತೆಗೆಯಬಹುದು, ಇನ್ನೊಂದು ಸೇರಿಸಬಹುದು. ಒಂದು ಕಡೆ ಕೈ ಹಾಕಿದರೆ ಉಳಿದದ್ದು ಕದಲಬಾರದು. ಆದ್ದರಿಂದ ಶಾಲೆಯಲ್ಲಿ ಬಿಟ್ಟುಬರುವ ಸ್ವರಲಿಪಿಗೆ 'ಫಿಕ್ಸೆಡ್' ಕ್ರಮವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಬೆರಳಚ್ಚಿಗೆ ಐದು ನಿಮಿಷ ಹೆಚ್ಚು ಹಿಡಿದರೂ ನಷ್ಟವಿಲ್ಲ.