ಗಿರಾಕಿ ಯಾರ ಸೊತ್ತು?

ಕಳೆದ ಭಾನುವಾರ ನನ್ನ ಮನೆಯ ಜಗಲಿಗೆ ಎರಡು ದೂರುಗಳು ಬಂದವು. ಬೆಳಿಗ್ಗೆ ಬಂದವರು ನಮ್ಮ ದುರ್ಗದ ಪೇಟೆಯ ಜವಳಿ ವರ್ತಕರೊಬ್ಬರು. ನಮ್ಮ ಮನೆಯ ಮದುವೆ ಮುಂಜಿಗಳಿಗೆಲ್ಲ ಬಟ್ಟೆ ಕೊಟ್ಟ ಹಿರಿಯರು.

"ಮೇಷ್ಟ್ರೇ, ಏಳು ವರ್ಷ ನನ್ನ ಅಂಗಡಿಯಲ್ಲಿ ಲೆಕ್ಕ ಬರೆದ ಹುಡುಗ ಎದುರಿಗೇ ಅಂಗಡಿ ತೆರೆದಿದ್ದಾನೆ. ಹಿರಿಯೂರು, ಹೊಳಲ್ಕೆರೆಯ ನನ್ನ ಗಿರಾಕಿಗಳಿಗೆಲ್ಲ ಫೋನು ಮಾಡಿ ಕರೆಯುತ್ತಿದ್ದಾನಂತೆ. ನಿಮ್ಮ ಶಿಷ್ಯ, ಬುದ್ಧಿ ಹೇಳಿ. ಇಲ್ಲವಾದರೆ ಕೋರ್ಟು ಇದ್ದೇ ಇದೆ."

ಮಧ್ಯಾಹ್ನ ಶಿಷ್ಯನೇ ಬಂದ. "ಸಾರ್, ನಾಲ್ಕು ವರ್ಷದಿಂದ ಸಂಬಳ ಏರಲಿಲ್ಲ. ಮನೆಯಲ್ಲಿ ಕೈಗೂಸು. ಸ್ವಂತ ಅಂಗಡಿ ಇಡುವುದೂ ಅಪರಾಧವೇ?"

ಛಂದಸ್ಸಿನ ಲೆಕ್ಕವನ್ನಷ್ಟೇ ಬಲ್ಲ ನಾನು, ನೆರೆಮನೆಯ ವಕೀಲ ಮಿತ್ರರ ಮೊರೆಹೊಕ್ಕೆ. ಅವರು ಹೇಳಿದ ಸಂಗತಿಗಳು ವಾಚಕರಿಗೂ ಉಪಯುಕ್ತವಾದಾವು.

1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ, ನ್ಯಾಯಸಮ್ಮತವಾದ ವೃತ್ತಿ ವ್ಯಾಪಾರಗಳನ್ನು ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ಎರಡೇ ವರ್ಷಗಳಲ್ಲಿ ಇದರ ಪರೀಕ್ಷೆ ನಡೆಯಿತು. ಕಲ್ಕತ್ತೆಯ ಒಬ್ಬ ವ್ಯಾಪಾರಿ, ತನ್ನ ಬೀದಿಯ ಪ್ರತಿಸ್ಪರ್ಧಿಯು ಅಂಗಡಿ ಮುಚ್ಚಿದರೆ ಹಣ ಕೊಡುವುದಾಗಿ ಮಾತು ಕೊಟ್ಟಿದ್ದ. ಆತ ಮುಚ್ಚಿದ, ಈತ ಕೊಡಲಿಲ್ಲ. 1874ರಲ್ಲಿ ಹೈಕೋರ್ಟು ಆ ಒಪ್ಪಂದವೇ ಅಸಿಂಧುವೆಂದಿತು! ಹೀಗೆ ಮಾತು ತಪ್ಪಿದವನೇ ಗೆದ್ದ. ಆದರೆ ದುಡಿಯುವ ಸ್ವಾತಂತ್ರ್ಯವನ್ನು ಹಣಕ್ಕೂ ಮಾರಲಾಗದೆಂಬ ತತ್ತ್ವ ನಿಂತಿತು.

ನೌಕರಿಯ ವಿಷಯದಲ್ಲಿ ಸುಪ್ರೀಂ ಕೋರ್ಟು ಎರಡು ಕಾಲಗಳನ್ನು ಬೇರ್ಪಡಿಸಿದೆ. ಐದು ವರ್ಷ ದುಡಿಯುವೆನೆಂದು ಬರೆದುಕೊಟ್ಟು, ನಡುವೆಯೇ ಬಿಟ್ಟು ಇನ್ನೊಂದು ರೇಯಾನ್ ಕಾರ್ಖಾನೆ ಸೇರಿದ ನೌಕರನ ಮೇಲಿನ ತಡೆಯಾಜ್ಞೆಯನ್ನು ಅದು 1967ರಲ್ಲಿ ಎತ್ತಿಹಿಡಿಯಿತು. ಅವಧಿ ಇನ್ನೂ ಮುಗಿದಿರಲಿಲ್ಲ. ಕೆಲಸ ಹೋದ ಮೇಲೂ ಎರಡು ವರ್ಷ ಪೈಪೋಟಿಗಿಳಿಯಬಾರದೆಂಬ ಷರತ್ತಿಗೆ ಮಾತ್ರ 1980ರಲ್ಲಿ ಮನ್ನಣೆ ಕೊಡಲಿಲ್ಲ.

"ಹಾಗಾದರೆ ನನ್ನ ಶಿಷ್ಯ ಗೆದ್ದಂತೆಯೇ?" ಎಂದೆ.

ಮಿತ್ರರು ನಕ್ಕರು. "ತಾಳಿ. ಇಂಗ್ಲೆಂಡಿನಲ್ಲಿ ಬೇಟೆಹಕ್ಕಿಗಳನ್ನು ಸಾಕಿ ಮಾರುತ್ತಿದ್ದವನ ಬಳಿ ಒಬ್ಬ ಮ್ಯಾನೇಜರಿದ್ದ. ಒಡೆಯನ ಪುಸ್ತಕದಿಂದ ಗಿರಾಕಿಗಳ ಹೆಸರು ವಿಳಾಸಗಳನ್ನು ಗುಟ್ಟಾಗಿ ನಕಲು ಮಾಡಿಕೊಂಡು ಸ್ವಂತ ವ್ಯಾಪಾರ ಹೂಡಿದ. 1895ರಲ್ಲಿ ನ್ಯಾಯಾಲಯ ಅವನನ್ನು ತಡೆಯಿತು. ಅವನ ತಪ್ಪು ವ್ಯಾಪಾರ ಹೂಡಿದ್ದಲ್ಲ, ನಂಬಿಕೆಗೆ ಎರಡು ಬಗೆದದ್ದು. ಪಾಲುದಾರರಿಗಂತೂ ನಮ್ಮ ಕಾಯಿದೆಯೇ ಸ್ಪಷ್ಟವಾಗಿದೆ. 1932ರ ಪಾಲುದಾರಿಕೆ ಕಾಯಿದೆಯಂತೆ, ಹೊರಬಂದ ಪಾಲುದಾರ ಎದುರಂಗಡಿ ಇಡಬಹುದು, ಜಾಹೀರಾತನ್ನೂ ಕೊಡಬಹುದು. ಬೇರೆ ಒಪ್ಪಂದವಿಲ್ಲದಿದ್ದರೆ ಹಳೆಯ ಸಂಸ್ಥೆಯ ಹೆಸರು ಬಳಸುವಂತಿಲ್ಲ; ತಾನಿದ್ದ ಕಾಲದ ಗಿರಾಕಿಗಳ ಬಳಿ ಹೋಗಿ ವ್ಯಾಪಾರ ಕೇಳುವಂತೆಯೂ ಇಲ್ಲ."

ನೌಕರರ ವಿಷಯದಲ್ಲಿ ತೀರ್ಪುಗಳು ಒಂದೇ ಸಮನಾಗಿಲ್ಲ. ಬ್ಯಾಂಕ್ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2006ರಲ್ಲಿ, ಗ್ರಾಹಕರ ಹೆಸರು, ಫೋನು ಸಂಖ್ಯೆಗಳಂಥವು ತಾವಾಗಿಯೇ ವ್ಯಾಪಾರದ ಗುಟ್ಟುಗಳಾಗುವುದಿಲ್ಲವೆಂದಿತು. 2009ರಲ್ಲಿ ಅದೇ ಹೈಕೋರ್ಟು ಇನ್ನೊಬ್ಬ ನೌಕರನನ್ನು ಬೇರೆಡೆ ದುಡಿಯಲು ಬಿಟ್ಟು, ಹಳೆಯ ಕಂಪನಿಯ ಗ್ರಾಹಕರನ್ನು ಸೆಳೆಯದಂತೆ ಮಾತ್ರ ತಡೆಯಿತು. ಇಂಥ ತಾತ್ಕಾಲಿಕ ತಡೆಯಾಜ್ಞೆಗೆ ಮೇಲ್ನೋಟಕ್ಕೆ ದಾವೆಯಲ್ಲಿ ಹುರುಳಿರಬೇಕು. ತಡೆಯದಿದ್ದರೆ ತುಂಬಲಾರದ ನಷ್ಟವಾಗುವಂತಿರಬೇಕು. ಯಾರಿಗೆ ಹೆಚ್ಚು ತೊಂದರೆಯೆಂಬುದನ್ನೂ ತೂಗಬೇಕು. ಆಜ್ಞೆ ಮೀರಿದವನಿಗೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸೆರೆ.

ಮನೆಗೆ ಬರುವಾಗ ಕೋಟೆ ಕಣ್ಣಿಗೆ ಬಿತ್ತು. ಏಳು ಸುತ್ತಿನ ಈ ಕೋಟೆಯ ಹೆಬ್ಬಾಗಿಲುಗಳನ್ನು ಮುರಿಯಲಾರದ ಹೈದರನ ಸೈನಿಕರು ಒಂದು ಕಿಂಡಿಗಾಗಿ ಹೊಂಚುಹಾಕಿದರೆಂದು ಓಬವ್ವನ ಕಥೆ ಹೇಳುತ್ತದೆ. ಪ್ರತಿ ಅಂಗಡಿಗೂ ಅಂಥದೊಂದು ಕಿಂಡಿಯುಂಟು; ಒಳಗಿದ್ದವನು ಮಾತ್ರ ಅದನ್ನು ಬಲ್ಲ.

ಸಂಜೆ ಶಿಷ್ಯನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದೆ: "ಏನಾದರೂ ಬರೆದುಕೊಂಡು ಬಂದಿದ್ದೀಯೇನಪ್ಪ?" ಅವನು ತಲೆ ತಗ್ಗಿಸಿದ. ಮರುದಿನ ಒಂದು ನೋಟುಬುಕ್ಕು ತಂದುಕೊಟ್ಟ. ಹೆಸರು, ಊರು, ಉದ್ದರಿಯ ಬಾಕಿ, ಯಾರ ಮನೆಯಲ್ಲಿ ಯಾವ ತಿಂಗಳು ಮದುವೆ, ಎಲ್ಲವೂ ಅವನ ಮುದ್ದಾದ ಅಕ್ಷರದಲ್ಲಿತ್ತು. ಆ ಅಕ್ಷರವನ್ನು ತಿದ್ದಿದವನು ನಾನೇ ಎಂಬುದು ನೆನಪಾಗಿ ಮನಸ್ಸು ಮುದುಡಿತು.

ಅದನ್ನು ವರ್ತಕರಿಗೆ ಒಪ್ಪಿಸಿ ಹೇಳಿದೆ: "ಇದು ನಿಮ್ಮದು, ಮರಳಿ ಬಂದಿದೆ. ಏಳು ವರ್ಷದಲ್ಲಿ ಅವನು ಕಲಿತ ಕೈಚಳಕ, ನಗುಮುಖದ ಮಾತು ಅವನವು. ಅಂಗಡಿ ಇರಲಿ ಬಿಡಿ." ಅವರು ಬಹಳ ಹೊತ್ತು ಸುಮ್ಮನಿದ್ದು, "ಸಂಬಳ ಏರಿಸಬೇಕಿತ್ತು, ಮೇಷ್ಟ್ರೇ" ಎಂದರು. ದಾವೆ ಹೂಡಲಿಲ್ಲ.

ಇನ್ನು ಗಿರಾಕಿ ಯಾರ ಸೊತ್ತು? ಗೌರಿ ಹಬ್ಬದ ಸೀರೆಯನ್ನು ಯಾವ ಅಂಗಡಿಯಲ್ಲಿ ಕೊಳ್ಳುವೆಯೆಂದು ನನ್ನಾಕೆಯನ್ನು ಕೇಳಿದೆ.

"ಅಂಚು ಎಲ್ಲಿ ಚೆನ್ನಾಗಿದೆಯೋ ಅಲ್ಲಿ" ಎಂದಳು.